ಸೊಂಟದ ಸುತ್ತಳತೆಯೂ ಇನ್ಸುಲಿನ್ನೂ

ವಯಸ್ಕರೊಬ್ಬರ ಮೈಯಲ್ಲಿ ಹರಿಯುವ ಸುಮಾರು 5 ಲೀಟರ್ ರಕ್ತದಲ್ಲಿರುವ ಸಕ್ಕರೆ ಒಂದು ಟೀ ಚಮಚದಷ್ಟು, ಅಂದರೆ 4ರಿಂದ 5 ಗ್ರಾಂ. ಒಂದು ತಟ್ಟೆ ಅನ್ನ ಉಂಡರೆ ಅದರ ಹತ್ತು ಪಟ್ಟಿಗೂ ಮಿಕ್ಕ ಗ್ಲೂಕೋಸ್ ಕರುಳಿನಿಂದ ರಕ್ತಕ್ಕೆ ಬಂದು ಸೇರುತ್ತದೆ. ಆದರೂ ಆರೋಗ್ಯವಂತರಲ್ಲಿ ಆ ಒಂದು ಚಮಚ ಎರಡಾಗುವುದಿಲ್ಲ. ಬಂದದ್ದನ್ನು ಬಂದ ಹಾಗೇ ಒಳಗೆ ಸಾಗಹಾಕುವುದು ಇನ್ಸುಲಿನ್. ಜಠರದ ಹಿಂದೆ ಅಡ್ಡಲಾಗಿರುವ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳ ಹಾಗೆ ಚದುರಿಕೊಂಡಿರುವ ಸಣ್ಣ ಜೀವಕೋಶ ಗುಂಪುಗಳು ಇದನ್ನು ತಯಾರಿಸುತ್ತವೆ. ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ, 1869ರಲ್ಲಿ, ಇವನ್ನು ಗುರುತಿಸಿದ. ಹತ್ತು ಲಕ್ಷದಷ್ಟಿರುವ ಈ ದ್ವೀಪಗಳನ್ನೆಲ್ಲ ಕೂಡಿಸಿ ತೂಗಿದರೂ ಒಂದೆರಡು ಗ್ರಾಂ ಅಷ್ಟೇ.

ಇನ್ಸುಲಿನ್ ಎಂದರೆ ಸಕ್ಕರೆ ಇಳಿಸುವ ಹಾರ್ಮೋನು ಎಂದಷ್ಟೇ ಹೆಚ್ಚಿನವರ ತಿಳಿವಳಿಕೆ. ಅದರ ನಿಜವಾದ ಕೆಲಸ ಉಗ್ರಾಣಿಯದು. ಊಟವಾದ ಮೇಲೆ ಅದು ಸ್ನಾಯುಗಳಿಗೆ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳಲು ಹೇಳುತ್ತದೆ. ಹೊಸ ಸಕ್ಕರೆ ತಯಾರಿಸುವುದನ್ನು ಸದ್ಯಕ್ಕೆ ನಿಲ್ಲಿಸು ಎಂದು ಲಿವರ್‌ಗೆ ಹೇಳುತ್ತದೆ. ಇದ್ದದ್ದನ್ನು ಹೊರಗೆ ಬಿಡಬೇಡಿ, ಬಂದದ್ದನ್ನು ಕೂಡಿಡಿ ಎಂದು ಕೊಬ್ಬಿನ ಕೋಶಗಳಿಗೆ ಹೇಳುತ್ತದೆ. ಇನ್ಸುಲಿನ್ನಿಗೂ ಮೈತೂಕಕ್ಕೂ ನಂಟು ಬೆಳೆದಿರುವುದು ಈ ಮೂರನೆಯ ಕೆಲಸದಿಂದ. ಉಗ್ರಾಣಿಯೇ ಇಲ್ಲದ ಮನೆಯ ಗತಿಯನ್ನು ಟೈಪ್ 1 ಮಧುಮೇಹ ತೋರಿಸುತ್ತದೆ. ಅಲ್ಲಿ ಇನ್ಸುಲಿನ್ ತಯಾರಾಗುವುದೇ ನಿಲ್ಲುತ್ತದೆ, ಕೊಬ್ಬು ಸ್ನಾಯು ಎರಡೂ ಕರಗಿ ಮನುಷ್ಯ ಎಲುಬಿನ ಗೂಡಾಗುತ್ತಾನೆ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಮೊಟ್ಟಮೊದಲು ಇನ್ಸುಲಿನ್ ಚುಚ್ಚುಮದ್ದು ಪಡೆದ 14 ವರ್ಷದ ಹುಡುಗ ಇದೇ ಸ್ಥಿತಿಯಲ್ಲಿದ್ದ.

ಟೈಪ್ 2 ಬೇರೆಯೇ ಕಥೆ. ಮಧುಮೇಹದಲ್ಲಿ ಕೃಶರದು ಒಂದು ಬಗೆ, ಸ್ಥೂಲರದು ಇನ್ನೊಂದು ಬಗೆ ಎಂದು ಸುಶ್ರುತ ಸಂಹಿತೆಯೇ ವಿಂಗಡಿಸಿತ್ತು. ಆಧುನಿಕ ವೈದ್ಯಶಾಸ್ತ್ರದಲ್ಲಿ ಈ ವ್ಯತ್ಯಾಸದ ಒಳಗುಟ್ಟು ಬಯಲಾಗತೊಡಗಿದ್ದು 1936ರಲ್ಲಿ. ಕೆಲವು ರೋಗಿಗಳ ಮೈ ಇನ್ಸುಲಿನ್ ಕೊಟ್ಟರೂ ಸರಿಯಾಗಿ ಸ್ಪಂದಿಸುವುದಿಲ್ಲ ಎಂದು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಆ ವರ್ಷ ತೋರಿಸಿದ. ಅದಾಗಿ ಎರಡು ದಶಕ ಕಳೆದ ಮೇಲೆ ನ್ಯೂಯಾರ್ಕಿನಲ್ಲಿ ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರಕ್ತದಲ್ಲಿರುವ ಇನ್ಸುಲಿನ್ನನ್ನು ಅಳೆಯುವ ವಿಧಾನ ಕಂಡುಹಿಡಿದರು. ಅಳೆದು ನೋಡಿದರೆ, ದೊಡ್ಡ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದ ಎಷ್ಟೋ ಜನರ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರಲಿಲ್ಲ, ಹೆಚ್ಚೇ ಇತ್ತು. ಮಾತು ಹೇಳುವವರಿದ್ದರು, ಕೇಳುವವರಿರಲಿಲ್ಲ. ಇದನ್ನೇ ಇನ್ಸುಲಿನ್ ಪ್ರತಿರೋಧ ಎನ್ನುವುದು. ಯಾಲೊಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಕೇಳದೆ ಹೋಗುವುದಕ್ಕೆ ಮುಖ್ಯ ಕಾರಣ ಜಾಗ ತಪ್ಪಿ ಕೂತ ಕೊಬ್ಬು. ತೊಡೆ, ತೋಳು, ನಿತಂಬಗಳ ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ನಿರುಪದ್ರವಿ. ಆ ಉಗ್ರಾಣ ತುಂಬಿದ ಮೇಲೂ ಊಟ ಮಿಗುತ್ತಲೇ ಇದ್ದರೆ, ಮಿಕ್ಕದ್ದು ಹೊಟ್ಟೆಯೊಳಗಿನ ಅಂಗಗಳ ಸುತ್ತ, ಲಿವರ್‌ನಲ್ಲಿ, ಸ್ನಾಯುಗಳಲ್ಲಿ, ಕೊನೆಗೆ ಮೇದೋಜೀರಕದಲ್ಲೇ ಸೇರಿಕೊಳ್ಳುತ್ತದೆ. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತಿಗೆ ಕಿವಿಗೊಡದೆ ರಾತ್ರಿಯಿಡೀ ಸಕ್ಕರೆ ತಯಾರಿಸುತ್ತಿರುತ್ತದೆ. ರಾತ್ರಿ ಏನೂ ತಿನ್ನದಿದ್ದರೂ ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ ಏಕೆ ಜಾಸ್ತಿ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಅಪರೂಪದ ಒಂದು ಕಾಯಿಲೆಯಲ್ಲಿ ಚರ್ಮದಡಿ ಕೊಬ್ಬಿನ ಪದರವೇ ಇರುವುದಿಲ್ಲ. ನೋಡಲು ಸಣಕಲಾದ ಈ ರೋಗಿಗಳಿಗೆ ಕೊಬ್ಬೆಲ್ಲ ಲಿವರ್ ಸೇರಿ ತೀವ್ರ ಮಧುಮೇಹ ಬರುತ್ತದೆ. ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

ಮಾತು ಕೇಳಿಸದಿದ್ದಾಗ ಮೇದೋಜೀರಕ ದನಿ ಏರಿಸುತ್ತದೆ, ಇನ್ಸುಲಿನ್ ಇನ್ನಷ್ಟು ಸುರಿಸುತ್ತದೆ. ಕೆಲವರ ಕತ್ತಿನ ಹಿಂಭಾಗದಲ್ಲಿ ಎಷ್ಟು ಉಜ್ಜಿದರೂ ಹೋಗದ, ಮಖಮಲ್ಲಿನಂಥ ಕಪ್ಪು ಪಟ್ಟಿ ಮೂಡುವುದು ಈ ಹಂತದಲ್ಲಿ. ಅದು ಕೊಳೆಯಲ್ಲ, ರಕ್ತದಲ್ಲಿ ಏರಿದ ಇನ್ಸುಲಿನ್ ಚರ್ಮದ ಮೇಲೆ ಬರೆದ ಗುರುತು. ಹೆಚ್ಚಿದ ಇನ್ಸುಲಿನ್ ಲಿವರ್‌ನಲ್ಲಿ ಇನ್ನಷ್ಟು ಕೊಬ್ಬು ಕೂಡಿಸುತ್ತದೆ, ಆ ಕೊಬ್ಬು ಪ್ರತಿರೋಧವನ್ನು ಬೆಳೆಸುತ್ತದೆ. ತೂಕದಿಂದ ಇನ್ಸುಲಿನ್ ಏರುತ್ತದೆಯೋ, ಇನ್ಸುಲಿನ್‌ನಿಂದ ತೂಕವೋ ಎಂದು ವಾದಿಸುವವರು ಎರಡೂ ಕಡೆ ಇದ್ದಾರೆ. ಇದೊಂದು ಸುಳಿಯಾದ್ದರಿಂದ ಒಂದೇ ತುದಿ ಹಿಡಿದು ಹೇಳುವ ಮಾತು ಅರ್ಧ ಸತ್ಯವೇ ಆಗುತ್ತದೆ. ವರ್ಷಗಟ್ಟಲೆ ದುಡಿದ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಒಂದು ದಿನ ಸೋಲುತ್ತವೆ. ಸಕ್ಕರೆ ಏರುವುದು ಆಗ. 1977ರಿಂದ ಇಪ್ಪತ್ತು ವರ್ಷ ನಡೆದ ಬ್ರಿಟನ್ನಿನ ದೊಡ್ಡ ಅಧ್ಯಯನದ ಲೆಕ್ಕದಂತೆ, ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಈ ಕೋಶಗಳ ಅರ್ಧದಷ್ಟು ಸಾಮರ್ಥ್ಯ ಹೋಗಿರುತ್ತದೆ.

ತಕ್ಕಡಿಯ ಅಂಕಿ ಭಾರತೀಯರಿಗೆ ಸುಳ್ಳು ಧೈರ್ಯ ಕೊಡುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ತೆಳ್ಳಗೆ ಕಾಣುವ ಈ ದಪ್ಪ ಹುಟ್ಟಿನಿಂದಲೇ ಬಂದದ್ದೆಂದು ಪುಣೆ ಬಳಿಯ ಹಳ್ಳಿಗಳ ಶಿಶುಗಳು ತೋರಿಸಿದವು: ತೂಕ ಸರಾಸರಿ 2.7 ಕಿಲೋ, ಸ್ನಾಯು ಕಡಿಮೆ, ಚರ್ಮದಡಿಯ ಕೊಬ್ಬು ಮಾತ್ರ ಇಂಗ್ಲೆಂಡಿನ ಶಿಶುಗಳಿಗೆ ಹತ್ತಿರ ಹತ್ತಿರ. ಈ ವಿಷಯದಲ್ಲಿ ಮೈಸೂರಿಗೂ ಒಂದು ಪಾಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಸಂಶೋಧಕಿ ಕ್ಯಾರೊಲಿನ್ ಫಾಲ್ ಮತ್ತು ಜತೆಗಾರರು ಆ ದಾಖಲೆ ಹಿಡಿದು, ಅಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದಿದ್ದ 506 ಮಂದಿಯನ್ನು ಪರೀಕ್ಷಿಸಿ 1998ರಲ್ಲಿ ವರದಿ ಮಾಡಿದರು. ಹುಟ್ಟುವಾಗ ಗಿಡ್ಡಗೆ ದುಂಡಗಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ, ಮಧುಮೇಹ ಹೆಚ್ಚಿತ್ತು. ಇಂಥ ಅಧ್ಯಯನಗಳ ಫಲವಾಗಿ ಭಾರತೀಯರಿಗೆ ಅಳತೆಗೋಲು ಬೇರೆಯಾಗಿದೆ: ಬಿಎಂಐ 23 ಮುಟ್ಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು, ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು.

ಚಿಕಿತ್ಸೆಯಲ್ಲೂ ತೂಕದ ಪ್ರಶ್ನೆ ಬಿಡುವುದಿಲ್ಲ. ಸಕ್ಕರೆ ಹತೋಟಿ ತಪ್ಪಿದವರ ಮೂತ್ರದಲ್ಲಿ ಗ್ಲೂಕೋಸ್ ಪೋಲಾಗುತ್ತಿರುತ್ತದೆ. ಇನ್ಸುಲಿನ್ ಶುರುವಾದಾಗ ಆ ಸೋರಿಕೆ ನಿಂತು, ಉಂಡದ್ದು ಮೈಗೆ ಹತ್ತಿ ತೂಕ ಏರುತ್ತದೆ. ಬ್ರಿಟನ್ನಿನ ಅಧ್ಯಯನದಲ್ಲಿ ಇನ್ಸುಲಿನ್ ಪಡೆದವರು ಮುಖ್ಯವಾಗಿ ಪಥ್ಯದಲ್ಲಿದ್ದವರಿಗಿಂತ ಸುಮಾರು 4 ಕಿಲೋ ಹೆಚ್ಚು ತೂಗಿದರು. ಹಾಗೆಂದು ಬೇಕಾದವರು ಇನ್ಸುಲಿನ್ ಬಿಡುವುದು ಅಪಾಯ. ಕಣ್ಣು, ಮೂತ್ರಪಿಂಡ, ಕಾಲುಗಳನ್ನು ಕಾಪಾಡುವುದು ಹತೋಟಿಯಲ್ಲಿರುವ ಸಕ್ಕರೆಯೇ. ಮೆಟ್‌ಫಾರ್ಮಿನ್ ತೂಕ ಏರಿಸುವುದಿಲ್ಲ. ಹಸಿವು ತಗ್ಗಿಸಿ ತೂಕವನ್ನೇ ಇಳಿಸುವ ಚುಚ್ಚುಮದ್ದುಗಳೂ ಈಗ ಬಂದಿವೆ.

ತೂಕ ಇಳಿದರೆ ಏನಾಗುತ್ತದೆ ಎಂಬುದನ್ನು ನ್ಯೂಕ್ಯಾಸಲ್‌ನ ರಾಯ್ ಟೇಲರ್ 2011ರಲ್ಲಿ ತೋರಿಸಿದರು. ದಿನಕ್ಕೆ 600 ಕ್ಯಾಲರಿಯ ಆಹಾರಕ್ಕೆ ಇಳಿದ 11 ರೋಗಿಗಳ ಲಿವರ್ ಕೊಬ್ಬು ಒಂದೇ ವಾರದಲ್ಲಿ ಶೇ 30ರಷ್ಟು ಕರಗಿತು, ಬೆಳಗಿನ ಸಕ್ಕರೆ ಸಹಜಕ್ಕೆ ಬಂತು. ಮುಂದೆ 306 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಕಟ್ಟುನಿಟ್ಟಾಗಿ ತೂಕ ಇಳಿಸಿದ ಗುಂಪಿನ ಶೇ 46 ಜನ ಒಂದು ವರ್ಷದ ನಂತರ ಔಷಧಿಯಿಲ್ಲದೆ ಮಧುಮೇಹದ ಮಟ್ಟದಿಂದ ಕೆಳಗಿದ್ದರು. 15 ಕಿಲೋ ಅಥವಾ ಅದಕ್ಕೂ ಹೆಚ್ಚು ಇಳಿಸಿದವರಲ್ಲಿ ಶೇ 86. ಇವರೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ಹತ್ತದವರು. ಎರಡನೆಯ ವರ್ಷ ಆ ಶೇ 46 ಶೇ 36ಕ್ಕೆ ಇಳಿಯಿತು. ತೂಕ ಮರಳಿದರೆ ಸಕ್ಕರೆಯೂ ಮರಳುತ್ತದೆ. ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ಇಂಥ ಉಪವಾಸಕ್ಕೆ ಇಳಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು.

ಅಷ್ಟು ತೂಕ ಇಳಿಸಲಾಗದವರಿಗೆ ಚೆನ್ನೈನ ಅಧ್ಯಯನವೊಂದು ಸಮಾಧಾನ ಕೊಡುತ್ತದೆ. 2006ರಲ್ಲಿ ಪ್ರಕಟವಾದ ಅದರಲ್ಲಿ, ಮಧುಮೇಹದ ಅಂಚಿನಲ್ಲಿದ್ದವರು ಊಟ ತಿದ್ದಿಕೊಂಡು ನಡೆದಾಡಿದ್ದರಿಂದ, ತೂಕ ಹೆಚ್ಚೇನೂ ಇಳಿಯದಿದ್ದರೂ ಕಾಯಿಲೆ ಬರುವ ಸಾಧ್ಯತೆ ಶೇ 28.5ರಷ್ಟು ತಗ್ಗಿತು. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಊಟದ ವಿಷಯದಲ್ಲಿ ನಮ್ಮ ಕಡೆಯ ಒಂದು ಭ್ರಮೆ ಹೋಗಬೇಕು. ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು ಎನ್ನುವವರಿದ್ದಾರೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು ನಿಜ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವೇ. ಎರಡು ಮುದ್ದೆ ಒಂದಾಗಿ, ಜತೆಗೆ ಸೊಪ್ಪು, ಕಾಳು ಎರಡರಷ್ಟಾದರೆ ಮಾತ್ರ ಲಾಭ.

ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇದ್ದವರು ಮೈ ತೆಳ್ಳಗಿದೆ ಎಂದು ಕೂರದೆ, ಹೊಕ್ಕುಳ ಮಟ್ಟದಲ್ಲಿ ಒಮ್ಮೆ ಟೇಪು ಹಿಡಿದು ನೋಡಬೇಕು. 30 ದಾಟಿದ ಎಲ್ಲರಿಗೂ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ತಪಾಸಣೆ ಉಚಿತವಾಗಿದೆ.