ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು?

ಮಕ್ಕಳೇ, ಗದ್ದೆಯಾಚೆ ಇರುವ ಗೆಳೆಯನನ್ನು ಕೂಗುತ್ತೀರಿ. ಉತ್ತರವಿಲ್ಲ. ಆಗ ಏನು ಮಾಡುವಿರಿ? ಸ್ವಲ್ಪ ಕಾದು ಮತ್ತೆ ಕೂಗುತ್ತೀರಿ. ಮೂರ್ನಾಲ್ಕು ಸಲ ಕೂಗಿದರೂ ಅವನು ಓಗೊಡದಿದ್ದರೆ ಮನೆಗೆ ಮರಳುತ್ತೀರಿ. ಗಣಕಯಂತ್ರಗಳು ಮಾಡುವುದೂ ಇದನ್ನೇ!

ವಿದ್ಯಾರ್ಥಿವೇತನಕ್ಕಾಗಿ ನಿಮ್ಮ ಹೆಸರನ್ನು ಕಂಪ್ಯೂಟರಿನಲ್ಲಿ ತುಂಬಿದಾಗ ಅದು ದೂರದ ಊರಿನ ಸರ್ವರ್ ಎಂಬ ಗಣಕಕ್ಕೆ ಹೋಗುತ್ತದೆ. ಬಹಳಷ್ಟು ಮಕ್ಕಳ ವಿವರಗಳನ್ನು ಜೋಡಿಸಿಟ್ಟ ದತ್ತಸಂಚಯ ಅಲ್ಲಿರುತ್ತದೆ. ಹೆಸರು ದಾಖಲಾದ ಮೇಲೆ ಸರ್ವರ್ 'ತಲುಪಿತು' ಎಂದು ಉತ್ತರಿಸಬೇಕು. ಹೀಗೆ ಉತ್ತರಕ್ಕಾಗಿ ಕಾಯುವ ಗರಿಷ್ಠ ಅವಧಿಯೇ 'ಟೈಮ್‌ಔಟ್'. ಮತ್ತೆ ಪ್ರಯತ್ನಿಸುವುದು 'ರೀಟ್ರೈ'.

ಸರ್ವರ್ ಕೂಡ ಕಾಯುತ್ತದೆ. ಮೈಎಸ್‌ಕ್ಯುಎಲ್ ಎಂಬ ದತ್ತಸಂಚಯ ತಂತ್ರಾಂಶವು ಹೊಸದಾಗಿ ಬಾಗಿಲು ತಟ್ಟಿದವರ ಮೊದಲ ಮಾತಿಗೆ 10 ಸೆಕೆಂಡು, ನಡುವೆ ಮಾತು ನಿಂತರೆ ಮುಂದಿನ ಮಾತಿಗೆ 30 ಸೆಕೆಂಡು ಕಾಯುವಂತೆ ಹೊಂದಿಸಲ್ಪಟ್ಟಿರುತ್ತದೆ. ಬೇಕಿದ್ದರೆ ಇದನ್ನು ಬದಲಿಸಬಹುದು. ಅವಧಿ ಹೆಚ್ಚಾದರೆ ಸತ್ತ ಸಂಪರ್ಕಗಳೇ ಜಾಗ ಹಿಡಿದು ಕೂರುತ್ತವೆ. ತೀರಾ ಕಡಿಮೆಯಾದರೆ? ನಿಧಾನವಾದ ಜಾಲವಿರುವ ಹಳ್ಳಿಯ ಶಾಲೆಯ ಸಂಪರ್ಕ ಅರ್ಧದಲ್ಲೇ ಕಡಿಯುತ್ತದೆ.

ಮತ್ತೆ ಮತ್ತೆ ಕೂಗುವುದರಲ್ಲೂ ಅಪಾಯವಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿಯ ವಿಶ್ವವಿದ್ಯಾಲಯದ ನಡುವೆ ವಿಚಿತ್ರವೊಂದು ನಡೆಯಿತು. ಎರಡರ ನಡುವಿನ ದೂರ ಬರೀ 400 ಗಜ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಮಾಹಿತಿ 40 ಬಿಟ್‌ಗೆ ಕುಸಿಯಿತು. ಅಂದರೆ 800ರಲ್ಲಿ ಒಂದು ಪಾಲು! ಕಾರಣವೇನು ಗೊತ್ತೆ? ದಾರಿಯಲ್ಲಿ ದಟ್ಟಣೆಯಿಂದ ಉತ್ತರ ತಡವಾದಾಗ ಗಣಕಗಳು ಕಳುಹಿಸಿದ್ದನ್ನೇ ಮತ್ತೆ ಕಳುಹಿಸತೊಡಗಿದವು. ಅದರಿಂದ ದಟ್ಟಣೆ ಇನ್ನೂ ಹೆಚ್ಚಿತು. ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ ಇದನ್ನು ಅಧ್ಯಯನ ಮಾಡಿ 1988ರಲ್ಲಿ ಪರಿಹಾರಗಳನ್ನು ಪ್ರಕಟಿಸಿದರು. ಉತ್ತರ ತಪ್ಪಿದಾಗಲೆಲ್ಲ ಕಾಯುವ ಹೊತ್ತನ್ನು ಇಮ್ಮಡಿಗೊಳಿಸುವುದು ಅವುಗಳಲ್ಲೊಂದು: 1 ಸೆಕೆಂಡು, ಆಮೇಲೆ 2, 4, 8... ಅಷ್ಟರಲ್ಲಿ ದಾರಿ ತೆರವಾಗುತ್ತದೆ. (ಪರದೆಯ ಮೇಲೆ ಚಕ್ರ ತಿರುಗುತ್ತಿರುವಾಗ ಗುಂಡಿಯನ್ನು ಟಕಟಕ ಒತ್ತುವ ಅಭ್ಯಾಸ ನನಗೂ ಇತ್ತು. ಈಗ ಬಿಟ್ಟಿದ್ದೇನೆ.)

ಇನ್ನೊಂದು ತೊಡಕಿದೆ. ನಿಮ್ಮ ಹೆಸರು ಸರ್ವರಿಗೆ ತಲುಪಿದೆ, ಆದರೆ 'ತಲುಪಿತು' ಎಂಬ ಉತ್ತರ ದಾರಿಯಲ್ಲಿ ಕಳೆದುಹೋಯಿತು ಎನ್ನಿ. ಶಾಲೆಯ ಗಣಕಕ್ಕೆ ಅದು ಗೊತ್ತಿಲ್ಲ. ಮತ್ತೆ ಕಳುಹಿಸುತ್ತದೆ. ಒಬ್ಬಳೇ ಹುಡುಗಿಯ ಹೆಸರು ಎರಡು ಸಲ ದಾಖಲಾದರೆ, ಪರಿಶೀಲನೆಯಲ್ಲಿ ಅವಳ ಅರ್ಜಿಯೇ ತಿರಸ್ಕೃತವಾಗಬಹುದು. ತಪ್ಪು ಅವಳದಲ್ಲ. ಅದಕ್ಕಾಗಿಯೇ ಜಾಣ ತಂತ್ರಜ್ಞರು ಪ್ರತಿ ಅರ್ಜಿಗೂ ಕಳುಹಿಸುವ ಮೊದಲೇ ಒಂದು ಸಂಖ್ಯೆ ಕೊಡುತ್ತಾರೆ. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಹೊಸದಾಗಿ ಬರೆದುಕೊಳ್ಳದೆ, 'ಇದು ಆಗಲೇ ಬಂದಿದೆ' ಎಂದಷ್ಟೇ ಉತ್ತರಿಸುತ್ತದೆ.