ಜೇಬಿನಲ್ಲಿ ಬೀಗದ ಕೈ, ಜೊತೆಗೊಂದು ಬ್ಯಾಟರಿ



ಕಾಲೇಜಿನಿಂದ ರಜೆಗೆ ಬಂದ ಮಗನ ಜೀನ್ಸ್ ಒಗೆಯಲು ಹಾಕುವಾಗ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಜೊತೆಗೆ ಟಾರ್ಚ್ ಸೆಲ್ಲಿನಂಥದೊಂದು ಬ್ಯಾಟರಿ ಸಿಕ್ಕಿತು. ವೇಪಿಂಗ್ ಬಗ್ಗೆ ಜಗಳ ಆಮೇಲೆ ಆಯಿತು ಬಿಡಿ. ಮೊದಲು ಎದೆ ಝಲ್ಲೆಂದದ್ದು ಆ ಬ್ಯಾಟರಿ ನೋಡಿ. 18 ಮಿಲಿಮೀಟರ್ ದಪ್ಪ, 65 ಉದ್ದ. ಅದಕ್ಕೇ 18650 ಎಂದು ಹೆಸರು.

ಹೈಸ್ಕೂಲಿನ ಓಮ್ ನಿಯಮ ನೆನಪಿದೆಯೇ? ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟು. ಪೂರ್ತಿ ಚಾರ್ಜಾದ ಸೆಲ್ಲಿನಲ್ಲಿ 4.2 ವೋಲ್ಟ್. ನಿಯಂತ್ರಣ ಸರ್ಕ್ಯೂಟ್ ಇಲ್ಲದ ವೇಪಿನಲ್ಲಿ 1 ಓಮ್ ಕಾಯಿಲ್ ಇದ್ದರೆ 4.2 ಆಂಪಿಯರ್. ಆವಿ ದಟ್ಟವಾಗಿ ಬರಲೆಂದು ಹುಡುಗರು 0.2 ಓಮಿನದು ಹಾಕಿದರೋ, 21 ಆಂಪಿಯರ್! ಎಲ್ಲ ಸೆಲ್ಲೂ ಇದನ್ನು ತಾಳುವುದಿಲ್ಲ.

ಜೇಬಿನಲ್ಲಿ ಕಾಯಿಲೂ ಇಲ್ಲ. ಸೆಲ್ಲಿನ ಲೋಹದ ಮೈಯೆಲ್ಲ ಋಣಧ್ರುವ, ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ ಅಷ್ಟೆ. ಅದು ಹರಿದಲ್ಲಿ ಬೀಗದ ಕೈ ಮೈಗೂ ತಲೆಗೂ ಒಟ್ಟಿಗೆ ತಾಗಿದರೆ ರೋಧ ಹೆಚ್ಚುಕಡಿಮೆ ಸೊನ್ನೆ. ಸೆಲ್ ಕಾದು ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಬಿಡಿ 18650 ಸೆಲ್ ಕೊಳ್ಳಬೇಡಿ, ಬಳಸಬೇಡಿ ಎಂದು ಇಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2021ರಲ್ಲೇ ಎಚ್ಚರಿಸಿದೆ.

ಊರಿಗೆ ಹೊರಟವರಿಗೆ ಇನ್ನೊಂದು ಮಾತು. ವೇಪಾಗಲಿ ಬಿಡಿ ಸೆಲ್ಲಾಗಲಿ ಚೆಕ್-ಇನ್ ಲಗೇಜಿನಲ್ಲಿ ಇಡುವಂತಿಲ್ಲ. ಭಾರತದಲ್ಲಂತೂ 2019ರಿಂದ ಇ-ಸಿಗರೇಟಿನ ಆಮದು, ಮಾರಾಟ ಎರಡೂ ನಿಷಿದ್ಧ. ಬೆಂಗಳೂರು ವಿಮಾನ ಹತ್ತುವ ಮುಂಚೆ ದೊಡ್ಡ ಮಕ್ಕಳ ಬ್ಯಾಗನ್ನೂ ಒಮ್ಮೆ ನೋಡಿಬಿಡಿ.

ನಮ್ಮ ಮನೆಯ ಸೆಲ್ಲು ಎರಡೂ ತುದಿಗೆ ಟೇಪ್ ಅಂಟಿಸಿಕೊಂಡು ಗ್ಯಾರೇಜಿನಲ್ಲಿದೆ. ಶನಿವಾರ ಮಗನೇ ಮರುಬಳಕೆ ಕೇಂದ್ರಕ್ಕೆ ಕೊಟ್ಟು ಬರುತ್ತಾನಂತೆ.