ಗೋಧಿ ಒಗ್ಗದ ಮಗು

ಮೂರು ವರ್ಷಗಳ ಹಿಂದಿನ ಮಾತು. ನನ್ನ ತಂಗಿಯ ಮನೆಯಲ್ಲಿ ಶ್ರಾವಣದ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ. ಕಥೆ ಮುಗಿದು, ಮಂಗಳಾರತಿಯಾಗಿ, ಸಪಾದದ ಪಾತ್ರೆ ನಡುಮನೆಗೆ ಬಂದಿತು. ತುಪ್ಪದಲ್ಲಿ ಹುರಿದ ಗೋಧಿಯ ರವೆ, ಸಕ್ಕರೆ, ಹಾಲು, ಬಾಳೆಯ ಹಣ್ಣು ಎಲ್ಲವೂ ಸೇರಿದ ಆ ಪರಿಮಳವನ್ನು ಬಣ್ಣಿಸಬೇಕಾಗಿಲ್ಲ. ಎಲ್ಲರೂ ಕೈಯೊಡ್ಡಿದರು. ಹತ್ತು ವರ್ಷದ ನನ್ನ ಸೋದರ ಸೊಸೆ ಮಾತ್ರ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಕ್ಷಣಕಾಲ ಸುಮ್ಮನೆ ನಿಂತು, ಅದನ್ನು ಪಕ್ಕದಲ್ಲಿದ್ದ ತಮ್ಮನ ಅಂಗೈಗೆ ಸುರಿದುಬಿಟ್ಟಳು. ನೆಂಟರಲ್ಲಿ ಹಿರಿಯರೊಬ್ಬರಿಗೆ ಇದು ಸರಿಬೀಳಲಿಲ್ಲ. “ಪ್ರಸಾದವನ್ನು ಬೇಡವೆನ್ನಬಾರದಮ್ಮ, ಒಂದು ಕಾಳಿನಷ್ಟು ತಿಂದರೆ ಏನಾದೀತು?” ಎಂದರು. ಕೈ ತೊಳೆಯಲು ಬಚ್ಚಲಿಗೆ ಹೋದ ಹುಡುಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಒಂದು ಕಾಳಿನಷ್ಟು ತಿಂದರೆ ಏನಾಗುತ್ತದೆ? ಆ ದಿನ ಆ ಹಿರಿಯರಿಗೆ ಉತ್ತರ ಹೇಳುವಷ್ಟು ತಿಳಿವಳಿಕೆ ನನಗೂ ಇರಲಿಲ್ಲ. ಮಗುವಿಗೆ ‘ಸೀಲಿಯಾಕ್’ ಎಂಬ ಕಾಯಿಲೆ, ಗೋಧಿ ಒಗ್ಗುವುದಿಲ್ಲ ಎಂದಷ್ಟೇ ಕೇಳಿದ್ದೆ. ನಾನು ವೈದ್ಯನಲ್ಲ. ಆದರೆ ಮನೆಯ ಮಗುವಿನ ಕಾರಣದಿಂದ ಅಂದಿನಿಂದ ಓದಿ, ಕೇಳಿ, ಕಣ್ಣಾರೆ ಕಂಡು ತಿಳಿದದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಹುಡುಗಿ ಐದಾರು ವರ್ಷದವಳಿದ್ದಾಗಿನಿಂದಲೂ ಸೊರಗಿದ ಮೈ, ಉಬ್ಬಿದ ಹೊಟ್ಟೆ. ಓರಗೆಯ ಮಕ್ಕಳಿಗಿಂತ ಗೇಣುದ್ದ ಕುಳ್ಳು. ಹುಳುವಿನ ಔಷಧವಾಯಿತು, ಕಬ್ಬಿಣಾಂಶದ ಟಾನಿಕ್ಕು ಸೀಸೆಗಟ್ಟಲೆ ಖರ್ಚಾಯಿತು. ರಕ್ತ ಏರಲೇ ಇಲ್ಲ. ಕಂಡ ವೈದ್ಯರೊಬ್ಬರು “ಕೆಲವು ಮಕ್ಕಳ ಜಾಯಮಾನವೇ ಹಾಗೆ” ಎಂದು ಸಮಾಧಾನ ಹೇಳಿ ಕಳುಹಿಸಿದರು. ಅಜ್ಜಿಯ ಉಪಚಾರಕ್ಕಂತೂ ಕೊನೆಯಿರಲಿಲ್ಲ. ಹೊಟ್ಟೆ ಕೆಟ್ಟಾಗಲೆಲ್ಲ ಅನ್ನ ಜಡವೆಂದು ಅದನ್ನು ನಿಲ್ಲಿಸಿ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ರವೆಯ ಗಂಜಿ, ಬಾರ್ಲಿಯ ನೀರು ಇವನ್ನೇ ಕೊಡುತ್ತಿದ್ದರು. ನಮ್ಮ ಮನೆಗಳಲ್ಲಿ ರೋಗಿಗೆ ಪಥ್ಯವೆಂದು ಕೊಡುವುದು ಇವೇ ಅಲ್ಲವೇ? ಆ ಮಗುವಿನ ಪಾಲಿಗೆ ಮೂರೂ ವಿಷವೆಂಬುದು ಗೊತ್ತಾದದ್ದು ಅವಳ ಒಂಬತ್ತನೆಯ ವಯಸ್ಸಿನಲ್ಲಿ, ಮತ್ತೊಬ್ಬ ವೈದ್ಯರು ಒಂದು ರಕ್ತಪರೀಕ್ಷೆಗೆ ಬರೆದುಕೊಟ್ಟಾಗ. ಅಜ್ಜಿ ಇಂದಿಗೂ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ.

ಗೋಧಿಯಲ್ಲಿ ಅಂಥದೇನಿದೆ ಎಂಬುದನ್ನು ಗೃಹಿಣಿಯರು ಅಡಿಗೆಮನೆಯಲ್ಲಿಯೇ ನೋಡಬಹುದು. ಚಪಾತಿಗೆ ನಾದಿದ ಹಿಟ್ಟಿನ ಒಂದು ಉಂಡೆಯನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿನೊಡನೆ ಹೋಗಿ, ಕೈಯಲ್ಲಿ ಎಳೆದರೆ ಹಿಗ್ಗುವ, ರಬ್ಬರಿನಂಥ ಅಂಟು ಉಳಿಯುತ್ತದೆ. ಅದೇ ‘ಗ್ಲುಟೆನ್’. ಚಪಾತಿ ಹರಿಯದೆ ತೆಳ್ಳಗಾಗುವುದು, ಬ್ರೆಡ್ಡು ಉಬ್ಬುವುದು, ಹೋಳಿಗೆಯ ಕಣಕ ಹೂರಣವನ್ನು ಬಿಟ್ಟುಕೊಡದೆ ಹಿಡಿದಿಡುವುದು ಎಲ್ಲವೂ ಈ ಅಂಟಿನ ಮಹಿಮೆ. ಬಾರ್ಲಿಯಲ್ಲಿಯೂ, ಯೂರೋಪಿನವರು ತಿನ್ನುವ ರೈ ಎಂಬ ಧಾನ್ಯದಲ್ಲಿಯೂ ಇದರ ದಾಯಾದಿಗಳಿವೆ.

ನಮ್ಮ ಸಣ್ಣ ಕರುಳಿನ ಒಳಮೈ ಮಖಮಲ್ಲಿನಂತೆ ಲಕ್ಷಾಂತರ ಸೂಕ್ಷ್ಮವಾದ ಅಂಕುರಗಳಿಂದ ತುಂಬಿದೆ. ಆಹಾರದ ಸಾರವನ್ನು ಹೀರಿಕೊಳ್ಳುವುದು ಅವೇ. ಸೀಲಿಯಾಕ್ ಇರುವವರಲ್ಲಿ ಗ್ಲುಟೆನ್ ಒಳಹೊಕ್ಕೊಡನೆ ದೇಹದ ರಕ್ಷಣಾಪಡೆ ಅದನ್ನು ಶತ್ರುವೆಂದು ಭ್ರಮಿಸಿ ಯುದ್ಧಕ್ಕಿಳಿಯುತ್ತದೆ. ಏಟು ಬೀಳುವುದು ಮಾತ್ರ ಸ್ವಂತ ಕರುಳಿಗೆ. ಅಂಕುರಗಳು ಸವೆದು ಮಖಮಲ್ಲು ಬೋಳು ಬಟ್ಟೆಯಾಗುತ್ತದೆ. ಆಮೇಲೆ ಕಬ್ಬಿಣವನ್ನು ಕೊಟ್ಟರೂ ಅಷ್ಟೇ, ಸುಣ್ಣದ ಅಂಶವನ್ನು ಕೊಟ್ಟರೂ ಅಷ್ಟೇ, ಹೀರುವವರಿಲ್ಲ. ಭೇದಿ, ಹೊಟ್ಟೆಯುಬ್ಬರ ಇವೇ ಇರಬೇಕೆಂದಿಲ್ಲ. ಬಾಯಿಹುಣ್ಣು, ತುರಿಕೆಯ ಗುಳ್ಳೆ, ಸವೆದ ಮೂಳೆ, ಟಾನಿಕ್ಕಿಗೆ ಬಗ್ಗದ ರಕ್ತಹೀನತೆ, ಕೆಲವರಲ್ಲಿ ಬಂಜೆತನ ಹೀಗೆ ನಾನಾ ವೇಷಗಳಲ್ಲಿ ಬರುತ್ತದೆ.

ಇದು ಉತ್ತರದವರ ಕಾಯಿಲೆ, ಅನ್ನ ತಿನ್ನುವ ನಮಗೇಕೆ ಎನ್ನುವವರುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. 2016ರಲ್ಲಿ ಪ್ರಕಟವಾದ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಈ ಕಾಯಿಲೆಯ ಕುರುಹು ರಕ್ತದಲ್ಲಿ ಕಂಡದ್ದು ಉತ್ತರ ಭಾರತದಲ್ಲಿ ನೂರಕ್ಕೆ 1.23ರಷ್ಟು ಮಂದಿಗೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಿಗೆ. ಆದರೆ ಈ ಕಾಯಿಲೆಗೆ ಎಡೆಕೊಡುವ ವಂಶಬೀಜ ಎರಡು ಕಡೆಯೂ ಹೆಚ್ಚುಕಡಮೆ ಸಮನಾಗಿತ್ತು! ಅಂತರವಿದ್ದದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನದ ಡಬ್ಬಿಗೆ ಚಪಾತಿ, ಸಂಜೆ ಬಿಸ್ಕತ್ತು, ರಾತ್ರಿ ನೂಡಲ್ಸ್ ಎಂದು ಬದುಕುವ ಇಂದಿನ ನಗರದ ಮಕ್ಕಳನ್ನು ನೋಡಿದರೆ ಆ 25 ಗ್ರಾಮಿನ ಲೆಕ್ಕ ಎಷ್ಟು ದಿನ ಉಳಿದೀತೋ ಎಂದು ನನಗೆ ಸಂದೇಹ.

ಕಾರಣ ತಿಳಿಯುವುದಕ್ಕೆ ಮೊದಲು ಪ್ರಪಂಚ ಪಟ್ಟ ಪಾಡು ಸ್ವಾರಸ್ಯವಾದದ್ದು. ಲಂಡನ್ನಿನ ಸ್ಯಾಮ್ಯುಯಲ್ ಗೀ ಎಂಬ ವೈದ್ಯ 1888ರಲ್ಲಿಯೇ ಈ ಮಕ್ಕಳ ಲಕ್ಷಣಗಳನ್ನು ವಿವರವಾಗಿ ಬರೆದು, ಇದು ಗುಣವಾಗುವುದಾದರೆ ಆಹಾರದಿಂದಲೇ ಎಂದು ಸಾರಿದ. ಆದರೆ ಯಾವ ಆಹಾರ? ದಿನವೂ ಹಾಲೆಂಡಿನ ಕಪ್ಪೆಚಿಪ್ಪಿನ ಮಾಂಸವನ್ನು ತಿಂದ ಒಂದು ಮಗು ಚೆನ್ನಾಗಿ ಮೈತುಂಬಿಕೊಂಡಿತಂತೆ. ಚಿಪ್ಪಿನ ಕಾಲ ಮುಗಿದೊಡನೆ ಮತ್ತೆ ಸೊರಗಿತು. ಮರುವರ್ಷ ಎಷ್ಟು ಗೋಗರೆದರೂ ಆ ಮಗು ಚಿಪ್ಪನ್ನು ಮುಟ್ಟಲಿಲ್ಲವಂತೆ! 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯ ಬಾಳೆಯ ಹಣ್ಣನ್ನು ಹಿಡಿದುಕೊಂಡ. ಅವನ ಮಕ್ಕಳು ಬ್ರೆಡ್ಡು, ಬಿಸ್ಕತ್ತುಗಳನ್ನು ಬಿಟ್ಟು ಬಾಳೆಯ ಹಣ್ಣು ತಿಂದು ಚೇತರಿಸಿಕೊಂಡರು. ಬಿಟ್ಟದ್ದರಿಂದ ಬದುಕಿದ ಮಕ್ಕಳ ಕೀರ್ತಿಯೆಲ್ಲ ತಿಂದದ್ದಕ್ಕೆ ಸಂದಿತು.

ನಿಜವಾದ ಕಳ್ಳನನ್ನು ಹಿಡಿದವನು ವಿಲ್ಲೆಮ್ ಕಾರೆಲ್ ಡಿಕ್ಕೆ, ಹಾಲೆಂಡಿನ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ವೈದ್ಯ. 1930ರ ದಶಕದಲ್ಲಿ ತಾಯಿಯೊಬ್ಬಳು, ಬ್ರೆಡ್ಡು ನಿಲ್ಲಿಸಿದರೆ ತನ್ನ ಮಗುವಿನ ಗುಳ್ಳೆಗಳು ಬೇಗ ಮಾಯುತ್ತವೆ ಎಂದಳಂತೆ. ಹೆಂಗಸರ ಮಾತೆಂದು ಅವನು ತಳ್ಳಿಹಾಕಲಿಲ್ಲ. ಗೋಧಿಯನ್ನು ಬಿಡಿಸಿ ನೋಡಿದ, 1941ರಲ್ಲಿ ಅದನ್ನು ಕುರಿತು ಬರೆದ. ಅಷ್ಟರಲ್ಲಿ ಯುದ್ಧ. 1944-45ರ ಚಳಿಗಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನ ಪಟ್ಟಣಗಳಿಗೆ ಆಹಾರ ಬರುವುದೇ ನಿಂತಿತು. ಜನ ಟ್ಯೂಲಿಪ್ ಹೂವಿನ ಗೆಡ್ಡೆಯನ್ನು ಬೇಯಿಸಿ ತಿಂದರು. ಊರಿಗೆ ಊರೇ ಹಸಿವಿನಿಂದ ಬಡಕಲಾಗುತ್ತಿದ್ದಾಗ ಸೀಲಿಯಾಕಿನ ಮಕ್ಕಳು ಕೆಡಲಿಲ್ಲ. ಯುದ್ಧ ಮುಗಿದು ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದರೆಂದು ಹೇಳುತ್ತಾರೆ. ಡಿಕ್ಕೆಗೆ ಮೊದಲೇ ಇದ್ದ ಅನುಮಾನ ಗಟ್ಟಿಯಾಯಿತು. ವಾನ್ ಡೆ ಕಾಮರ್, ವೇಯರ್ಸ್ ಎಂಬಿಬ್ಬರು ಸಂಗಡಿಗರೊಡನೆ ಮಕ್ಕಳ ಮಲದಲ್ಲಿ ಹೋಗುವ ಕೊಬ್ಬನ್ನು ಅಳೆದಳೆದು, ಗೋಧಿ ಮತ್ತು ರೈ ಕೆಡುಕು, ಅಕ್ಕಿ ಮತ್ತು ಮುಸುಕಿನ ಜೋಳ ಕೆಡುಕಲ್ಲ ಎಂದು ತೋರಿಸಿದ. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಅವನು ಒಪ್ಪಿಸಿದ ಪ್ರಬಂಧವೇ ಇಂದಿನ ಚಿಕಿತ್ಸೆಯ ತಳಹದಿ. ಅಂದಿನಿಂದ ಇಂದಿನವರೆಗೂ ಈ ಕಾಯಿಲೆಗೆ ಅದಕ್ಕಿಂತ ಮಿಗಿಲಾದ ಮದ್ದು ಬಂದಿಲ್ಲ.

ಅದೇ ಮಹಾಯುದ್ಧದಲ್ಲಿ ನಮ್ಮಲ್ಲಿ ನಡೆದದ್ದು ತದ್ವಿರುದ್ಧ. ಬರ್ಮಾ ಜಪಾನಿಯರ ವಶವಾಗಿ ಅಕ್ಕಿಗೆ ತತ್ವಾರ ಬಂದಿತು. ಬೆಂಗಳೂರಿನ ಎಂ.ಟಿ.ಆರ್. ಉಪಾಹಾರ ಗೃಹದಲ್ಲಿ ಅಕ್ಕಿಯ ಬದಲು ರವೆಯಿಂದ ಇಡ್ಲಿ ಮಾಡಿದ್ದು ಆಗಲೇ ಎಂದು ಆ ಸಂಸ್ಥೆಯವರು ಹೇಳುತ್ತಾರೆ. ರವೆ ಇಡ್ಲಿಯನ್ನು ನಾನು ದೂರುವವನಲ್ಲ, ವಾರಕ್ಕೊಮ್ಮೆ ತಿನ್ನುವವನೇ.

ಇನ್ನು ತಂಗಿಯ ಅಡಿಗೆಮನೆಗೆ ಬರೋಣ. ವೈದ್ಯರು ಹೇಳಿದ ದಿನ ಅವಳಿಗೆ ಕಂಡದ್ದು ಹೋದ ತಿಂಡಿಗಳ ಪಟ್ಟಿ: ಉಪ್ಪಿಟ್ಟು, ಕೇಸರಿಬಾತು, ಚಪಾತಿ, ಪೂರಿ, ಶಾವಿಗೆ, ಹೋಳಿಗೆ, ಚಿರೋಟಿ, ಬಿಸ್ಕತ್ತು. ಉಳಿದದ್ದು ಕಾಣಲು ಒಂದು ವಾರ ಹಿಡಿಯಿತು. ಅನ್ನ, ಅಕ್ಕಿಯ ಇಡ್ಲಿ, ದೋಸೆ, ಅಕ್ಕಿರೊಟ್ಟಿ, ಕಡುಬು, ಅವಲಕ್ಕಿ, ರಾಗಿಮುದ್ದೆ, ಜೋಳದ ರೊಟ್ಟಿ, ಸಜ್ಜೆ, ನವಣೆ, ಸಾಮೆ, ಬೇಳೆ, ತರಕಾರಿ, ಹಾಲು ಯಾವುದಕ್ಕೂ ಅಡ್ಡಿಯಿಲ್ಲ. ಬ್ರೆಡ್ಡನ್ನೇ ನಂಬಿದ ನಾಡುಗಳಲ್ಲಿ ಜನ ದುಬಾರಿ ಡಬ್ಬಿಗಳಿಗೆ ಕೈಯೊಡ್ಡುತ್ತಾರೆ. ನಮ್ಮಲ್ಲಿ ಅಜ್ಜಿಯ ಕಾಲದ ಅಡಿಗೆಯೇ ಸಾಕಾಯಿತು. ರೊಟ್ಟಿ ಬಡಿಯುವುದನ್ನು ಮಾತ್ರ ಅವಳು ಹೊಸದಾಗಿ ಕಲಿಯಬೇಕಾಯಿತು. ಜೋಳದಲ್ಲಿ ಗ್ಲುಟೆನ್ ಇಲ್ಲದುದರಿಂದ ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಬಿರಿಯುತ್ತದೆ. ಕುದಿಯುವ ಎಸರನ್ನು ಸುರಿದರೆ ಪಿಷ್ಟವೇ ಬೆಂದು ಜಿಗಿ ಕೊಡುತ್ತದೆ. ಹಿಟ್ಟು ಹಳೆಯದಾದರೆ ಆ ಜಿಗಿಯೂ ಇಲ್ಲ. ಉತ್ತರ ಕರ್ನಾಟಕದ ನೆರೆಮನೆಯಾಕೆಯೊಬ್ಬರು ಮೂರು ದಿನ ಜೊತೆಗೆ ಕುಳಿತು ಕಲಿಸಿದರು. ಮೊದಲ ದಿನದ ರೊಟ್ಟಿಗಳು ಭೂಪಟದಲ್ಲಿನ ದ್ವೀಪಗಳಂತಿದ್ದವು.

ಕಣ್ಣಿಗೆ ಕಾಣುವ ಗೋಧಿಯನ್ನು ಬಿಡುವುದು ಕಷ್ಟವಲ್ಲ, ಅಡಗಿ ಕುಳಿತ ಗೋಧಿಯದೇ ಕಾಟ. ಪಥ್ಯ ಹಿಡಿದು ನಾಲ್ಕು ತಿಂಗಳಾದರೂ ಹುಡುಗಿಯ ಹೊಟ್ಟೆನೋವು ಪೂರ್ತಿ ಹೋಗಲಿಲ್ಲ. ತಂಗಿ ಪತ್ತೇದಾರಳಂತೆ ಒಂದೊಂದೇ ಡಬ್ಬಿಯನ್ನು ಓದತೊಡಗಿದಳು. ಸಿಕ್ಕಿಬಿದ್ದ ಮೊದಲ ಅಪರಾಧಿ ಇಂಗು! ಅಂಗಡಿಯ ಇಂಗಿನಲ್ಲಿ ಹಲವು ವೇಳೆ ಗೋಧಿಯ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಸಾರಿಗೆ, ಹುಳಿಗೆ, ಉಪ್ಪಿನಕಾಯಿಗೆ ದಿನವೂ ಅದೇ. ಎರಡನೆಯದು ಹಿಟ್ಟಿನ ಗಿರಣಿ. ಯಾರದೋ ಗೋಧಿಯ ಹಿಂದೆಯೇ ನಮ್ಮ ರಾಗಿ ಬಿದ್ದರೆ ಮೊದಲ ಸೇರಿನಲ್ಲಿ ಗೋಧಿ ಬಂದೇ ಬರುತ್ತದೆ. ಈಗ ಅವಳು ಮನೆಯಲ್ಲಿಯೇ ಒಂದು ಸಣ್ಣ ಗಿರಣಿ ಇಟ್ಟುಕೊಂಡಿದ್ದಾಳೆ. ಮೆಂತ್ಯದ ಹಿಟ್ಟಿಗೆ ಹುರಿದ ಗೋಧಿ ಬೀಳುತ್ತದೆ, ನಿಪ್ಪಟ್ಟು ಕೋಡುಬಳೆಗಳಿಗೆ ಗರಿಗರಿಯಾಗಲೆಂದು ಮೈದಾ ಅಥವಾ ರವೆ, ಮಕ್ಕಳ ಪುಷ್ಟಿಗೆಂದು ಮಾರುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ. ಬರಿಯ ರಾಗಿಯದಾದರೆ ಆ ಭಯವಿಲ್ಲ. ಹೋಟೆಲಿನ ದೋಸೆಯನ್ನು ಕೇಳದೆ ತಿನ್ನುವಂತಿಲ್ಲ. ಅದೇ ಕಾವಲಿಯ ಮೇಲೆ ಒಂದು ಗಳಿಗೆಯ ಹಿಂದೆ ರವೆದೋಸೆ ಹುಯ್ದಿರಬಹುದು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯುವಂತಿಲ್ಲ.

ಇಷ್ಟೊಂದು ಮಡಿ ಬೇಕೇ ಎಂದರೆ, ಬೇಕು. ದಿನವೂ 50 ಮಿಲಿಗ್ರಾಂ ಗ್ಲುಟೆನ್ ಒಳಗೆ ಹೋದರೆ ಮೂರು ತಿಂಗಳಲ್ಲಿ ಕರುಳಿನ ಅಂಕುರಗಳು ಸವೆಯಬಲ್ಲವೆಂದು ಪರೀಕ್ಷೆಯಿಂದ ಕಂಡಿದೆ. ಒಂದು ತುಂಡು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಇರುತ್ತದೆ. ಅದರ ನಲವತ್ತನೆಯ ಒಂದು ಭಾಗ ಎಷ್ಟಾಯಿತು? ಒಂದು ಚಿಟಿಕೆಯ ಪುಡಿ. ಡಬ್ಬಿಯ ಮೇಲೆ ‘ಗ್ಲುಟೆನ್ ಮುಕ್ತ’ ಎಂದು ಬರೆಯಬೇಕಾದರೆ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂಬ ನಿಯಮ ನಮ್ಮ ದೇಶದಲ್ಲಿಯೂ ಇದೆ. ಅಂದು ಪೂಜೆಯಲ್ಲಿ ಆ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಇದೇ.

ಇಲ್ಲಿ ಒಂದು ಎಚ್ಚರಿಕೆ. ಇತ್ತೀಚೆಗೆ ಗೋಧಿಯನ್ನು ಬಿಡುವುದು ಒಂದು ಷೋಕಿಯಾಗಿದೆ. ಮೈ ಇಳಿಯಲೆಂದು ಬಿಡುವವರ ಗೊಡವೆ ನನಗೆ ಬೇಡ. ಆದರೆ ಮಗುವಿಗೆ ಈ ಕಾಯಿಲೆಯಿರಬಹುದೆಂಬ ಅನುಮಾನವಿದ್ದರೆ, ಪರೀಕ್ಷೆಗೆ ಮೊದಲೇ ಗೋಧಿಯನ್ನು ನಿಲ್ಲಿಸಕೂಡದು. ರಕ್ತದಲ್ಲಿನ ಕುರುಹು, ಕರುಳಿನ ಗಾಯ ಎರಡೂ ಮಾಯುತ್ತ ಬಂದು ಪರೀಕ್ಷೆ ಸುಳ್ಳು ಹೇಳುತ್ತದೆ. ಒಡಹುಟ್ಟಿದವರನ್ನೂ, ತಂದೆತಾಯಿಗಳನ್ನೂ ಪರೀಕ್ಷಿಸಬೇಕು. ಅಂಥವರಲ್ಲಿ ಹತ್ತಕ್ಕೊಬ್ಬರಿಗೆ ಈ ಕಾಯಿಲೆ ಇರುವ ಸಂಭವವಿದೆ. ತಮ್ಮನಿಗೆ ಸದ್ಯ ಇಲ್ಲ.

ಹುಡುಗಿಗೆ ಈಗ ಹದಿಮೂರು. ಆ ಪೂಜೆಯಾದ ವರ್ಷದಲ್ಲಿಯೇ ನಾಲ್ಕು ಅಂಗುಲ ಬೆಳೆದಳು. ಟಾನಿಕ್ಕಿನ ಸೀಸೆಗಳು ಹೋದವು. ಊಟಕ್ಕಿಂತ ಅವಳನ್ನು ನೋಯಿಸಿದ್ದು ಪಂಕ್ತಿಯಿಂದ ಹೊರಗಾದದ್ದು. ಗೆಳತಿಯರ ಹುಟ್ಟುಹಬ್ಬದ ಕೇಕು, ಮದುವೆಯ ಮನೆಯ ಎಲೆ, ಎಲ್ಲೆಡೆಯೂ ತನ್ನ ಡಬ್ಬಿ ತಾನು. ಉಪವಾಸದ ರಾತ್ರಿ ಕೂಡ ನಮ್ಮ ಅನೇಕ ಮನೆಗಳಲ್ಲಿ ಅನ್ನ ಬಿಟ್ಟು ತಿನ್ನುವುದು ಉಪ್ಪಿಟ್ಟನ್ನೋ ಚಪಾತಿಯನ್ನೋ. ಉತ್ತರದವರು ನವರಾತ್ರಿಯ ಉಪವಾಸಕ್ಕೆ ಸಿಂಗಾಡೆಯ ಹಿಟ್ಟು, ಕುಟ್ಟುವಿನ ಹಿಟ್ಟು ಬಳಸುತ್ತಾರೆ. ಅವೆರಡರಲ್ಲಿಯೂ ಗ್ಲುಟೆನ್ ಇಲ್ಲ. ಗೋಧಿಯ ನಾಡಿನಲ್ಲಿ ಉಪವಾಸ ಇವಳಿಗೆ ಅನುಕೂಲ, ಅಕ್ಕಿಯ ನಾಡಿನಲ್ಲಿ ಪ್ರತಿಕೂಲ!

ಮರುವರ್ಷದ ಸತ್ಯನಾರಾಯಣ ಪೂಜೆಗೆ ತಂಗಿ ಹಿಂದೆಮುಂದೆ ನೋಡುತ್ತಿದ್ದಳು. ಪುರೋಹಿತರಿಗೆ ವಿಷಯ ತಿಳಿಸಿದಾಗ ಅವರು ನಕ್ಕು ಪುಸ್ತಕವನ್ನು ಬಿಚ್ಚಿದರು. ವರ್ಷವರ್ಷವೂ ನಾವು ಕೈಮುಗಿದು ಕೇಳುವ ಆ ಕಥೆಯ ಮೊದಲ ಅಧ್ಯಾಯದಲ್ಲಿಯೇ, ನೈವೇದ್ಯದ ವಿಧಿ ಹೇಳುವಲ್ಲಿ, ಗೋಧಿಯ ಹಿಟ್ಟು ಇಲ್ಲದಿದ್ದರೆ ಅಕ್ಕಿಯ ಹಿಟ್ಟಾಗಬಹುದೆಂದಿದೆ. ನಮಗೆ ಯಾರಿಗೂ ಅದು ಕಿವಿಗೆ ಬಿದ್ದಿರಲಿಲ್ಲ.

ಅಜ್ಜಿ ತಾವೇ ಒಲೆಯ ಮುಂದೆ ನಿಂತರು. ಒಂದೂಕಾಲು ಪಾವು ಅಕ್ಕಿಯ ತರಿಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಹಾಲು ಸಕ್ಕರೆ ಬಾಳೆಯ ಹಣ್ಣು ಸೇರಿಸಿ ಕೆದಕಿದರು. ರವೆಯಷ್ಟು ಹುಡಿಹುಡಿಯಾಗಲಿಲ್ಲ, ತುಸು ಮುದ್ದೆಯಾಯಿತು. ಮಂಗಳಾರತಿಯಾದ ಮೇಲೆ ಮೊದಲು ಕೈಯೊಡ್ಡಿದವಳು ನಮ್ಮ ಹುಡುಗಿ. ಹೋದ ವರ್ಷ ಗದರಿದ್ದ ಹಿರಿಯರೂ ಬಂದಿದ್ದರು. ಎರಡನೆಯ ಸಲವೂ ಹಾಕಿಸಿಕೊಂಡು, ಅಕ್ಕಿ ಯಾವುದೆಂದು ವಿಚಾರಿಸಿದರು.